ಯಾವ ಲೆಕ್ಕಕ್ಕೆ?

ಕರಿಕೆಯ ತವರುಮನೆಗೆ ಹೋದಾಗಲೆಲ್ಲ ಅಂಗಳದ ನಿತ್ಯಪುಷ್ಪದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಮದ್ದು ಸಿಕ್ಕಿದ್ದು ಈ ಗಿಡದಲ್ಲಿ. ವಿಷದ ಗಿಡ, ಹಸು ಮೂಸಿ ಬಿಡುತ್ತದೆ.

ಪಕ್ಕದ ಮನೆಯ ಹುಡುಗನಿಗೆ ಆಗ ಆರು ವರ್ಷ. ಬೆಂಗಳೂರಿನಲ್ಲಿ ಮೊದಲ ಸುತ್ತಿನ ಮದ್ದು ಮುಗಿದು, ಕ್ಯಾನ್ಸರ್ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು. ಇನ್ನೊಂದು ಸುತ್ತು ಶುರುವಾಗಿ ಊರಿಗೆ ಬಂದಿದ್ದವನಿಗೆ 2018ರ ಆಗಸ್ಟಿನ ಒಂದು ರಾತ್ರಿ ಜ್ವರ ಬಂತು. ಆ ಮಳೆ ನಿಮಗೂ ನೆನಪಿರಬಹುದು. ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕುಸಿದಿತ್ತು. ತಾಯಿ ಜ್ವರದ ಮಾತ್ರೆ ಕೊಟ್ಟು, ಬೆಳಗಾಗಲಿ ಎಂದು ಕಾದಳು. ಬೆಳಿಗ್ಗೆ ಜೀಪಿನಲ್ಲಿ ಪಾಣತ್ತೂರಿಗೆ ಇಳಿದು, ಕಾಞಂಗಾಡಿನ ಮೇಲಾಗಿ ಮಂಗಳೂರು ಮುಟ್ಟುವಾಗ ಮಧ್ಯಾಹ್ನ. ಮೂರನೆಯ ದಿನ ಹುಡುಗ ಹೋದ.

ಕಾರ್ಯವೆಲ್ಲ ಮುಗಿದ ಸಂಜೆ ಅಡಿಗೆಮನೆಯಲ್ಲಿ ಅವಳು ಕೇಳಿದಳು: “ಅಕ್ಕಾ, ನೀವು ಓದಿದವರು. ರೋಗ ಹೋಗಿತ್ತಲ್ಲ? ಮತ್ತೆ ಅವನು ಹೋದದ್ದು ಯಾವುದರಿಂದ? ಮದ್ದಿನಿಂದಲಾ?”

“ರೋಗದಿಂದಲೇ ತಂಗಿ” ಎಂದೆ.

ಸುಳ್ಳು ಹೇಳಿದೆನೆ? ವೈದ್ಯರಿಗೂ ಈ ಪ್ರಶ್ನೆ ಸುಲಭದ್ದಲ್ಲ. ಇಂಥ ಸಾವನ್ನು ಒಬ್ಬೊಬ್ಬರು ಒಂದೊಂದು ಲೆಕ್ಕಕ್ಕೆ ಬರೆಯುತ್ತಿದ್ದರು. 2015ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಒಂದು ವ್ಯಾಖ್ಯೆ ಬಂತು: ಸಾಯುವಾಗ ಕ್ಯಾನ್ಸರ್ ಬೆಳೆಯುತ್ತಿರಲಿಲ್ಲವಾದರೆ ಅದು ಚಿಕಿತ್ಸೆಗೆ ಸಂಬಂಧಿಸಿದ ಸಾವು. ಕಾರಣ ಸೋಂಕೋ ರಕ್ತಸ್ರಾವವೋ ಎಂಬುದು ಆಮೇಲಿನ ವಿಂಗಡಣೆ. ತಪ್ಪು ಯಾರದು ಎಂದು ಆ ವ್ಯಾಖ್ಯೆ ಕೇಳುವುದಿಲ್ಲ. ಮದ್ದು ಕ್ಯಾನ್ಸರಿನ ಜೊತೆಗೆ ಒಳ್ಳೆಯ ಬಿಳಿರಕ್ತಕಣಗಳನ್ನೂ ಇಳಿಸುತ್ತದೆ. ಆಗ ಜ್ವರ ಬಂದರೆ, ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಡಬೇಕೆನ್ನುತ್ತಾರೆ.

ಈ ಪ್ರಕಾರ ನಾನು ಹೇಳಿದ್ದು ತಪ್ಪು. ಕುಸಿದ ರಸ್ತೆಯನ್ನು, ಕತ್ತಲನ್ನು ಯಾವ ಲೆಕ್ಕಕ್ಕೆ ಹಾಕುವುದೋ ಅದು ಬೇರೆ ಮಾತು. ಎಲ್ಲವನ್ನೂ ‘ರೋಗ’ ಎಂದು ಬರೆದುಬಿಟ್ಟರೆ ಮುಂದಿನ ಮಗುವಿನ ಜ್ವರಕ್ಕೆ ಯಾರೂ ಎಚ್ಚೆತ್ತುಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ಆದರೆ ಅವಳಿಗೆ ‘ಸೋಂಕು’ ಎಂದಿದ್ದರೆ ಅವಳು ಕೇಳಿಸಿಕೊಳ್ಳುತ್ತಿದ್ದುದು ಒಂದೇ — ಆ ರಾತ್ರಿ. ಅದನ್ನು ಅವಳ ಕೈಗೆ ಕೊಡಲು ನನ್ನಿಂದಾಗಲಿಲ್ಲ. ಕರುಣೆಯೋ ಹೇಡಿತನವೋ, ಈಗಲೂ ಒಂದೊಂದು ದಿನ ಒಂದೊಂದು ಅನಿಸುತ್ತದೆ.

ಕಳೆದ ವರ್ಷ ನಮ್ಮ ನೆಂಟರ ಮಗುವಿಗೆ ಅದೇ ರೋಗ ಬಂತು. ಅದರ ತಾಯಿ ಕರಿಕೆಗೆ ಬಂದಿದ್ದಾಗ ನಾನು, “ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡ, ಆ ಹೊತ್ತಿಗೇ ಹೊರಡು” ಎಂದೆ. ಹೇಳಿ ತಿರುಗಿದರೆ ಬಾಗಿಲಲ್ಲಿ ಅವಳು ನಿಂತಿದ್ದಾಳೆ. ನನ್ನ ಮುಖವನ್ನೇ ನೋಡಿದಳು. ಏನೂ ಕೇಳಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದಳು.