ತಿಗಣೆ ಯಾರ ಮನೆಯದು?

ಮೊದಲ ದಿನ ಮೂರೇ ಮೂರು ದದ್ದು. ನಾಲ್ಕು ವರ್ಷದ ಮಗಳ ಎಡಗೈ ಮೇಲೆ, ಮೊಣಕೈಯಿಂದ ಕೆಳಕ್ಕೆ ಸಾಲಾಗಿ. ಸೊಳ್ಳೆ ಇರಬೇಕು ಅಂದುಕೊಂಡು ಆಫೀಸಿಗೆ ಹೊರಟೆ. ಎರಡು ದಿನ ಬಿಟ್ಟು ಕುತ್ತಿಗೆ ಮೇಲೆ ನಾಲ್ಕು, ಆಮೇಲೆ ಕಾಲ ಮೇಲೆ. ವಾರ ಕಳೆಯುವಷ್ಟರಲ್ಲಿ ಅವಳು ನಿದ್ದೆಯಲ್ಲೇ ಕೆರೆದುಕೊಂಡು, ಬೆಳಿಗ್ಗೆ ಉಗುರಿನಲ್ಲಿ ರಕ್ತ ಇರುತ್ತಿತ್ತು. ಮನೆಯಲ್ಲಿ ಇರೋದು ಮೂರು ಜನ. ನನಗಾಗಲಿ ನನ್ನ ಗಂಡನಿಗಾಗಲಿ ಒಂದು ಗುರುತೂ ಇಲ್ಲ. ಕಚ್ಚುತ್ತಿರೋದು ಅವಳನ್ನ ಮಾತ್ರ.

ಸೊಳ್ಳೆ ಪರದೆ ಕಟ್ಟಿದ್ವಿ. ಬಟ್ಟೆ ಒಗೆಯೋ ಪುಡಿ ಬದಲಾಯಿಸಿದ್ವಿ. ಹಾಸನದಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಪಿತ್ತದ ಗಂಧೆ ಕಣೆ, ಬದನೆಕಾಯಿ ನಂಜು, ನಿಲ್ಸು" ಅಂದರು. ನಿಲ್ಲಿಸಿದ್ವಿ. ದೃಷ್ಟಿಯನ್ನೂ ತೆಗೆದಾಯ್ತು. ದದ್ದು ನಿಲ್ಲಲಿಲ್ಲ.

ಮಕ್ಕಳ ಡಾಕ್ಟರು ಟಾರ್ಚ್ ಹಾಕಿ ನೋಡಿ, ಪ್ಯಾಪುಲರ್ ಅರ್ಟಿಕೇರಿಯಾ ಅಂದರು. ಹೆಸರು ದೊಡ್ಡದು, ಅರ್ಥ ಇಷ್ಟೇ: ಯಾವುದೋ ಹುಳ ಕಚ್ಚುತ್ತಿದೆ, ಅದಕ್ಕೆ ಮಗುವಿನ ಚರ್ಮ ಬೇಕಾದ್ದಕ್ಕಿಂತ ಜೋರಾಗಿ ಪ್ರತಿಕ್ರಿಯಿಸುತ್ತಿದೆ. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಇದು ಸಾಮಾನ್ಯವಂತೆ. ಹೊಸದಾಗಿ ಒಂದು ಕಡೆ ಕಚ್ಚಿದರೆ ಹಳೆಯ ಗುರುತುಗಳೂ ಎದ್ದು ಕೂರಬಹುದಂತೆ. "ನಿಮ್ಮಿಬ್ಬರಿಗೂ ಕಚ್ಚುತ್ತಿರಬಹುದು. ನಿಮ್ಮ ಚರ್ಮ ತೋರಿಸ್ತಿಲ್ಲ ಅಷ್ಟೆ. ತುರಿಕೆಗೆ ಮುಲಾಮು ನಾನು ಬರೆದುಕೊಡ್ತೀನಿ, ಹುಳ ಹುಡುಕೋದು ನಿಮ್ಮ ಕೆಲಸ" ಅಂದರು.

ಹುಡುಕೋದಕ್ಕಿಂತ ಮುಂಚೆಯೇ ನನ್ನ ತಲೆಯಲ್ಲಿ ಉತ್ತರ ಬಂದು ಕೂತಿತ್ತು. ಈ ಬರಹ ಇರೋದು ಅದರ ಬಗ್ಗೆ.

ಮಗಳನ್ನು ನೋಡಿಕೊಳ್ಳೋಕೆ ನಮ್ಮ ಮನೆಗೆ ಒಬ್ಬರು ಬರುತ್ತಾರೆ. ಎರಡು ವರ್ಷದಿಂದ. ನಾವು ಅವರನ್ನು ಅಕ್ಕ ಅಂತೀವಿ, ಅವರು ನನ್ನನ್ನು ಮೇಡಂ ಅಂತಾರೆ. ಮಧ್ಯಾಹ್ನ ಮಗಳಿಗೆ ಊಟ ಮಾಡಿಸಿ, ಅವಳ ಮಂಚದ ಮೇಲೆ ಪಕ್ಕದಲ್ಲಿ ಒರಗಿಕೊಂಡು ಕತೆ ಹೇಳಿ ಮಲಗಿಸುತ್ತಾರೆ. ಅವರ ಮನೆ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯಾಚೆ, ಒಂದಕ್ಕೊಂದು ಅಂಟಿಕೊಂಡ ಶೀಟಿನ ಮನೆಗಳ ಸಾಲಿನಲ್ಲಿ. ಆ ಮನೆಯನ್ನು ನಾನು ಒಳಗಿಂದ ನೋಡಿರಲಿಲ್ಲ. ಆದರೂ ಅಲ್ಲಿ ಹುಳ ಇರುತ್ತೆ ಅನ್ನೋದು ನನಗೆ 'ಗೊತ್ತಿತ್ತು'. ಅಮ್ಮ ಅದನ್ನು ಬಾಯಿಬಿಟ್ಟು ಹೇಳಿದರು: "ಅವಳ ಮನೆಯಿಂದಾನೇ ಬಂದಿರೋದು, ಬೇರೆ ಎಲ್ಲಿಂದ ಬರುತ್ತೆ?" ಛೆ, ಹಾಗೆಲ್ಲ ಅನ್ನಬಾರದಮ್ಮ ಅಂದೆ. ಅನ್ನಬಾರದು ಅಂದೆನೇ ಹೊರತು ಸುಳ್ಳು ಅನ್ನಲಿಲ್ಲ.

ಮರುದಿನ ಅಕ್ಕನಿಗೆ ಹೇಳಿದೆ: "ಇನ್ಮೇಲೆ ಪಾಪು ಒಬ್ಬಳೇ ಮಲಗೋದು ಕಲೀಲಿ ಅಕ್ಕ. ನೀವು ಕೆಳಗೆ ಚಾಪೆ ಹಾಕ್ಕೊಂಡು ಕೂತ್ಕೊಳ್ಳಿ." ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಸರಿ ಮೇಡಂ" ಅಂದರು. ಆ ಮಧ್ಯಾಹ್ನ ಮಗಳು ಒಂದು ಗಂಟೆ ಅತ್ತಳಂತೆ.

ನಾನು ಕೆಲಸ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ. ದೋಷ ಎಲ್ಲಿದೆ ಅಂತ ಹುಡುಕೋದೇ ನನಗೆ ಸಂಬಳ ತರೋ ಕೆಲಸ. ಹಾಗಾಗಿ ಎಕ್ಸೆಲ್ ಶೀಟ್ ತೆರೆದೆ. ದಿನಾಂಕ, ಹೊಸ ದದ್ದು ಎಷ್ಟು, ಎಲ್ಲೆಲ್ಲಿ, ಏನು ತಿಂದಳು, ಪಾರ್ಕಿಗೆ ಹೋಗಿದ್ದಳಾ, ಅಕ್ಕ ಬಂದಿದ್ದರಾ. ಎರಡು ವಾರ ಶ್ರದ್ಧೆಯಿಂದ ತುಂಬಿಸಿದೆ. ಭಾನುವಾರ ಅಕ್ಕ ಬರೋದಿಲ್ಲ, ಸೋಮವಾರ ಬೆಳಿಗ್ಗೆಯೂ ಹೊಸ ದದ್ದು. ಗೌರಿ ಹಬ್ಬಕ್ಕೆ ಅವರು ನಾಲ್ಕು ದಿನ ಊರಿಗೆ ಹೋದರು, ದದ್ದು ಹಬ್ಬಕ್ಕೂ ರಜೆ ಹಾಕಲಿಲ್ಲ. ಅಷ್ಟಾದರೂ ನನಗೆ ಅನ್ನಿಸಿದ್ದು, "ಸರಿ, ಮುಂಚೆಯೇ ತಂದು ಬಿಟ್ಟಿರಬೇಕು" ಅಂತ. ಅಂದರೆ ಯಾವ ಪುರಾವೆ ಬಂದರೂ ನನ್ನ ಅನುಮಾನ ತನ್ನ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಹೀಗೆ ಟೆಸ್ಟ್ ಮಾಡಿದ್ದರೆ ನಾನೇ ನಗ್ತಿದ್ದೆ.

ಕೊನೆಗೆ ಒಂದು ರಾತ್ರಿ ಮೂರು ಗಂಟೆಗೆ ಅವಳು ಕೆರೆದುಕೊಳ್ಳೋ ಸದ್ದಿಗೆ ಎಚ್ಚರವಾಗಿ, ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಹೊಲಿಗೆ ಬಿಡಿಸಿ ನೋಡಿದೆ. ಪೆನ್ನಿನ ತುದಿ ತಾಗಿಸಿದ ಹಾಗೆ ಕಪ್ಪು ಚುಕ್ಕಿಗಳು. ಪಕ್ಕದಲ್ಲಿ ಸೇಬಿನ ಬೀಜದಷ್ಟು ದೊಡ್ಡ, ಚಪ್ಪಟೆ, ಕೆಂಗಂದು ಬಣ್ಣದ್ದೊಂದು ನಿಧಾನವಾಗಿ ಹೊಲಿಗೆಯೊಳಗೆ ನುಸುಳುತ್ತಿತ್ತು.

ತಿಗಣೆ. ಅಜ್ಜಿ ಮನೆಯಲ್ಲಿ ಮಂಚದ ಸಂದಿಗೆ ಕುದಿಯೋ ನೀರು ಹುಯ್ಯುತ್ತಿದ್ದದ್ದು ನೆನಪಾಯ್ತು.

ಆ ರಾತ್ರಿ ಗಂಡನನ್ನೂ ಎಬ್ಬಿಸಿ ಕೋಣೆ ಪೂರ್ತಿ ಕೆದಕಿದ್ವಿ. ಮಂಚದ ಕಾಲಿನ ಸಂದಿಯಲ್ಲಿ ಎರಡು, ಪ್ಲೈವುಡ್ ಬಿರುಕಿನಲ್ಲಿ ಮೂರು ನಾಲ್ಕು. ಅತಿ ಹೆಚ್ಚು ಸಿಕ್ಕಿದ್ದು ಮಂಚದ ಕೆಳಗೆ ತಳ್ಳಿಟ್ಟಿದ್ದ ನನ್ನ ಕ್ಯಾಬಿನ್ ಬ್ಯಾಗಿನಲ್ಲಿ. ಒಳಗಿನ ಬಟ್ಟೆಯ ಹೊಲಿಗೆಯುದ್ದಕ್ಕೂ ಹುಳ, ಬಿಳಿ ಮೊಟ್ಟೆ, ಕಪ್ಪು ಚುಕ್ಕಿ. ಆಫೀಸ್ ಕೆಲಸಕ್ಕೆ ಅಂತ ಜುಲೈ ಕೊನೆಯಲ್ಲಿ ಹೈದರಾಬಾದಿಗೆ ಹೋಗಿ, ಒಳ್ಳೆಯ ಹೋಟೆಲಿನಲ್ಲೇ ಮೂರು ರಾತ್ರಿ ಇದ್ದು ಬಂದಿದ್ದೆ. ಬ್ಯಾಗನ್ನು ಅಲ್ಲಿ ತಳ್ಳಿ ಮರೆತಿದ್ದೆ. ದದ್ದು ಶುರುವಾಗಿದ್ದು ಆಗಸ್ಟ್ ಎರಡನೇ ವಾರ. ನನ್ನ ಎಕ್ಸೆಲ್ ಶೀಟಿನಲ್ಲಿ ಅಕ್ಕನ ಹಾಜರಿಗೆ ಒಂದು ಕಾಲಂ ಇತ್ತು. ನನ್ನ ಪ್ರಯಾಣಕ್ಕೆ ಕಾಲಂ ಇರಲಿಲ್ಲ.

ತಿಗಣೆ ಬಗ್ಗೆ ಆಮೇಲೆ ತಿಳಿದುಕೊಂಡಿದ್ದು ಇಷ್ಟು. ಅದು ಹಾರಲ್ಲ, ಜಿಗಿಯಲ್ಲ. ಬ್ಯಾಗು, ಬಟ್ಟೆ, ಹಳೇ ಪೀಠೋಪಕರಣದ ಜೊತೆ ಪ್ರಯಾಣ ಮಾಡುತ್ತೆ. ನಮ್ಮ ಮೈ ಶಾಖ ಮತ್ತು ಉಸಿರಿನ ಜಾಡು ಹಿಡಿದು ಬರುತ್ತೆ. ಕಚ್ಚುವಾಗ ನೋವೇ ಗೊತ್ತಾಗಲ್ಲ, ಗುರುತು ಕೆಲವು ಸಲ ದಿನಗಟ್ಟಲೆ ತಡವಾಗಿ ಏಳುತ್ತೆ, ಕೆಲವರಿಗೆ ಏಳೋದೇ ಇಲ್ಲ. ಅದಕ್ಕೆ ಬೇಕಾಗಿರೋದು ರಕ್ತ, ಕೊಳೆ ಅಲ್ಲ. ಹಾಗಾಗಿ ಐದು ನಕ್ಷತ್ರದ ಹೋಟೆಲಿನ ಹಾಸಿಗೆಯೂ ಶೀಟಿನ ಮನೆಯ ಚಾಪೆಯೂ ಅದಕ್ಕೆ ಒಂದೇ. ಕೊಳೆ ಇದ್ದಲ್ಲಿ ಹುಳ, ಬಡವರಿದ್ದಲ್ಲಿ ಕೊಳೆ ಅನ್ನೋ ಲೆಕ್ಕ ತಿಗಣೆಯದ್ದಲ್ಲ, ನಮ್ಮದು.

ಇದು ಈ ಊರಿನ ಹಳೇ ಲೆಕ್ಕ ಕೂಡ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದಿದ್ದು ಆ ಕಾಲದಲ್ಲೇ. ಆಗ ಅನುಮಾನವೆಲ್ಲ ಇಕ್ಕಟ್ಟಾದ ಮನೆಗಳ ಮೇಲೆ, ಅಲ್ಲಿನ ಗಾಳಿ, ಕೊಳೆಯ ಮೇಲೆ. ಅದೇ 1898ರಲ್ಲಿ ಪಾಲ್ ಲೂಯಿ ಸಿಮೋಂಡ್ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಇಲಿಗಳನ್ನಿಟ್ಟುಕೊಂಡು ಪ್ರಯೋಗ ಮಾಡಿ, ರೋಗ ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅಂತ ತೋರಿಸಿದ. ಅದನ್ನು ಬೇರೆಯವರು ಒಪ್ಪಲು ವರ್ಷಗಳೇ ಹಿಡಿದವು. ಇಕ್ಕಟ್ಟಿದ್ದಲ್ಲಿ ಇಲಿ ಹೆಚ್ಚು ಅನ್ನೋದು ನಿಜವೇ. ಆದರೆ ಜನರನ್ನು ದೂರುತ್ತಾ ಕೂತವರ ಕಣ್ಣಿಗೆ ಚಿಗಟ ಬೀಳೋದಿಲ್ಲ.

ನಮ್ಮ ಮನೆಯಲ್ಲೂ ಆಗಿದ್ದು ಇದೇ. ಬೆಳಿಗ್ಗೆ ಅಕ್ಕ ಬಂದಾಗ ಹುಳ ತೋರಿಸಿದೆ. ಅವರು ಆಶ್ಚರ್ಯ ಪಡಲಿಲ್ಲ. ಸೆರಗು ಸರಿಸಿ ತೋಳು ತೋರಿಸಿದರು. ಒಣಗಿದ ಗುರುತುಗಳು, ಮೂರು ಮೂರರ ಸಾಲು.

"ನಂಗೆ ಮೊದಲನೇ ವಾರಾನೇ ಗೊತ್ತಾಯ್ತು ಮೇಡಂ. ತಿಗಣೆ ಕಡಿತ ನಂಗ್ ಗೊತ್ತಿಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ ಅಕ್ಕ?"

"ಹೇಳಿದ್ರೆ ಎಲ್ಲಿಂದ ಬಂತು ಅಂತ ಕೇಳ್ತಿದ್ರಿ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮನೆಯಲ್ಲಿ ಕಾರಣ ಗೊತ್ತಿದ್ದದ್ದು ಒಬ್ಬರಿಗೆ. ಆ ಒಬ್ಬರು ಬಾಯಿ ತೆರೆಯಲಾಗದಂತೆ ಮಾಡಿದ್ದು ನನ್ನ ಅನುಮಾನ. ಮಗಳ ಮೈ, ಗಂಡನ ಮೈ, ನನ್ನ ಮೈ ಎಲ್ಲ ತಡಕಿ ನೋಡಿದ್ದೆ. ದಿನಾ ಅದೇ ಮಂಚದ ಮೇಲೆ ಒರಗುತ್ತಿದ್ದ ನಾಲ್ಕನೆಯವರನ್ನು "ನಿಮಗೂ ಕಚ್ಚುತ್ತಿದೆಯಾ?" ಅಂತ ಕೇಳಲು ತೋಚಲೇ ಇಲ್ಲ. ಕೇಳಿದ್ದರೆ ಮಗಳು ಅಷ್ಟು ರಾತ್ರಿ ಕೆರೆದುಕೊಳ್ಳಬೇಕಿರಲಿಲ್ಲ.

ಅನುಮಾನ ಪಡೋದು ತಪ್ಪಾ ಅಂತ ಕೇಳಿದರೆ ನಾವು ಸಾಮಾನ್ಯವಾಗಿ ಹೇಳೋದು, "ಮನಸ್ಸಿನಲ್ಲಿ ಏನು ಬೇಕಾದರೂ ಬರಬಹುದು, ಬಾಯಲ್ಲಿ ಬರಬಾರದು" ಅಂತ. ನಾನೂ ಹಾಗೇ ನಂಬಿದ್ದೆ. ಅಕ್ಕನಿಗೆ ನಾನು ಒಂದು ಕೆಟ್ಟ ಮಾತೂ ಆಡಿರಲಿಲ್ಲ. ಆದರೆ ಚಾಪೆ ಆಡಿತ್ತು. ಮಗು ಸ್ವತಂತ್ರವಾಗಿ ಮಲಗಲಿ ಅನ್ನೋ ನನ್ನ ನಯವಾದ ಸುಳ್ಳು ಅವರಿಗೆ ಆ ಕ್ಷಣವೇ ಅರ್ಥವಾಗಿತ್ತು. ಅದಕ್ಕಿಂತ ಹಿಂದೆಯೇ, ಬೇರೆ ಬೇರೆ ಮನೆಗಳಲ್ಲಿ ಏನೋ ಕಳೆದಾಗ, ಏನೋ ಒಡೆದಾಗ, ಮೊದಲ ನೋಟ ಯಾರ ಕಡೆ ತಿರುಗುತ್ತೆ ಅನ್ನೋದನ್ನು ಅವರು ನೋಡಿದ್ದರು. ನೀರಿನ ಹಾಗೆ ಅನುಮಾನವೂ ತಗ್ಗಿನ ಕಡೆಗೇ ಹರಿಯುತ್ತೆ. ತಗ್ಗಿನಲ್ಲಿ ನಿಂತವರಿಗೆ ಅದು ಬರೋದು ನಮಗಿಂತ ಮುಂಚೆ ಕಾಣುತ್ತೆ.

ಇಲ್ಲಿ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ತಿಗಣೆ ನಿಜವಾಗಿಯೂ ಅಕ್ಕನ ಮನೆಯಿಂದಲೇ ಬಂದಿದ್ದರೆ? ಆಗ ನಾನು ಸರಿಯಾಗ್ತಿದ್ದೆನಾ? ಬ್ಯಾಗಿನಲ್ಲಿ ಹೆಚ್ಚು ಸಿಕ್ಕಿತು ಅನ್ನೋದು ಬಲವಾದ ಸುಳಿವು, ಅಷ್ಟೇ. ಮಂಚದಿಂದ ಬ್ಯಾಗಿಗೂ ಹೋಗಿರಬಹುದು ಅಂತ ವಾದ ಮಾಡೋರಿಗೆ ಜಾಗ ಇದೆ. ಇರಲಿ. ಅವರ ಮನೆಯಿಂದಲೇ ಬಂದಿದ್ದರೂ ನನ್ನ ಊಹೆ ನಿಜವಾಗ್ತಿತ್ತು, ನಡವಳಿಕೆ ಸರಿಯಾಗ್ತಿರಲಿಲ್ಲ. ಯಾಕಂದರೆ ನಾನು ಮೂರು ಬೇರೆ ಬೇರೆ ಮಾತುಗಳನ್ನು ಒಂದೇ ಮಾಡಿದ್ದೆ: ಕಾರಣ, ತಪ್ಪು, ಹೊಣೆ. ನನ್ನ ಬ್ಯಾಗು ಕಾರಣ ಆಗಿರಬಹುದು, ಆದರೆ ಹೋಟೆಲಿಂದ ಹುಳ ಹತ್ತಿಕೊಂಡು ಬಂದಿದ್ದು ನನ್ನ ತಪ್ಪೇನಲ್ಲ. ಈ ಸಮಾಧಾನ ನನಗೆ ಎರಡೇ ನಿಮಿಷದಲ್ಲಿ ಹೊಳೆಯಿತು. ಅಕ್ಕನ ವಿಷಯದಲ್ಲಿ ಮೂರು ವಾರವಾದರೂ ಹೊಳೆದಿರಲಿಲ್ಲ. ನನ್ನ ಮನೆಯಾದರೆ ಅಕಸ್ಮಾತ್, ಅವರ ಮನೆಯಾದರೆ ಅಪರಾಧ. ಇನ್ನು ಹೊಣೆ. ಕಾರಣ ಯಾರೇ ಇರಲಿ, ಈ ಮನೆ ನನ್ನದು, ಮಗು ನನ್ನದು, ಇಲ್ಲಿ ಕೆಲಸ ಮಾಡೋರ ಮೈಗೆ ಹುಳ ಕಚ್ಚಿದರೆ ಅದೂ ನನ್ನದೇ.

ಚಿಕ್ಕಂದಿನಲ್ಲಿ ಕೇಳಿದ ಪಂಚತಂತ್ರದ ಕತೆ ನಿಮಗೂ ನೆನಪಿರಬಹುದು. ರಾಜನ ಹಾಸಿಗೆಯಲ್ಲಿ ಮಂದವಿಸರ್ಪಿಣಿ ಅನ್ನೋ ಹೇನು ಸದ್ದಿಲ್ಲದೆ ಬದುಕಿಕೊಂಡಿರುತ್ತೆ. ಅಲ್ಲಿಗೊಂದು ತಿಗಣೆ ಅತಿಥಿಯಾಗಿ ಬಂದು, ಆತುರಪಟ್ಟು ರಾಜನನ್ನು ಕಚ್ಚುತ್ತೆ. ಸೇವಕರು ದೀಪ ತಂದು ಹುಡುಕುವಷ್ಟರಲ್ಲಿ ತಿಗಣೆ ಮಂಚದ ಸಂದಿಗೆ ಸೇರಿಕೊಂಡಿರುತ್ತೆ. ಸಿಕ್ಕಿ ಸಾಯೋದು ಹೇನು. ಗುಣ ತಿಳಿಯದವರಿಗೆ ಆಶ್ರಯ ಕೊಡಬೇಡ ಅನ್ನೋದು ನಮಗೆ ಹೇಳಿಕೊಟ್ಟ ನೀತಿ. ಈಗ ಆ ಕತೆ ನೆನೆದರೆ ನನ್ನ ಕಣ್ಣು ಹೋಗೋದು ಸೇವಕರ ಕಡೆಗೆ. ಅವರು ದೀಪ ಹಿಡಿದು ಕಚ್ಚಿದವರನ್ನು ಹುಡುಕಲಿಲ್ಲ. ಕೈಗೆ ಸಿಕ್ಕವರನ್ನು ಮುಗಿಸಿ, ಕೆಲಸ ಆಯ್ತು ಅಂದುಕೊಂಡರು. ತಿಗಣೆ ಇನ್ನೂ ಮಂಚದಲ್ಲೇ ಇತ್ತು.

ಅಕ್ಕನ ಹತ್ತಿರ ಕ್ಷಮೆ ಕೇಳೋದು ಕಷ್ಟವಾಯ್ತು. ಬಾಯಿಬಿಟ್ಟು ಆಡದೇ ಇದ್ದದ್ದಕ್ಕೆ ಕ್ಷಮೆ ಹೇಗೆ ಕೇಳೋದು? ಕೇಳಿದರೆ, "ಹೌದು, ನಾನು ನಿಮ್ಮನ್ನ ಹಾಗೆ ಅಂದುಕೊಂಡಿದ್ದೆ" ಅಂತ ಒಪ್ಪಿಕೊಂಡ ಹಾಗೆ. ಇನ್ನೊಮ್ಮೆ ನೋಯಿಸಿದ ಹಾಗೆ. ಸುಮ್ಮನಿರೋದೇ ಮರ್ಯಾದೆ ಅಂತ ಒಂದು ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಮೌನದಿಂದ ಅನುಕೂಲ ಆಗ್ತಿದ್ದದ್ದು ನನಗೆ, ಅವರಿಗಲ್ಲ. ಮಾರನೇ ದಿನ ಹೇಳಿದೆ: "ಚಾಪೆ ಹಾಕ್ಕೊಳ್ಳಿ ಅಂದಿದ್ದು ಪಾಪುಗೋಸ್ಕರ ಅಲ್ಲ ಅಕ್ಕ. ನಿಮ್ಮ ಮೇಲೆ ಅನುಮಾನ ಇತ್ತು. ತಪ್ಪಾಯ್ತು."

ಅವರು ಪಾತ್ರೆ ಒರೆಸುತ್ತಲೇ ಅಂದರು, "ಗೊತ್ತು ಬಿಡಿ ಮೇಡಂ." ಸ್ವಲ್ಪ ಹೊತ್ತು ಬಿಟ್ಟು, "ನಮ್ಮನೇಲೂ ಈಗ ಒಂದೆರಡು ಕಾಣಿಸ್ತಾ ಐತೆ. ನಿಮ್ಮನೆಗೆ ಔಷಧಿ ಹೊಡೆಯೋನು ಬಂದಾಗ ಅಲ್ಲಿಗೂ ಕಳಿಸ್ತೀರಾ?"

ನನಗೆ ತಡವಾಗಿ ಹೊಳೆದದ್ದು ಅದು. ನಮ್ಮ ಹಾಸಿಗೆಯಿಂದ ಅವರ ಸೀರೆಗೆ, ಅಲ್ಲಿಂದ ಅವರ ಮನೆಗೆ. ಹುಳ ಹೋಗಿದ್ದು ನಾನು ಊಹಿಸಿದ್ದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ. ಎರಡೂ ಮನೆಗೆ ಔಷಧಿ ಹೊಡೆಸಿದ್ವಿ. ಮೊಟ್ಟೆಯೊಡೆದು ಹೊಸವು ಬರುತ್ತವೆ ಅಂತ ಎರಡು ವಾರ ಬಿಟ್ಟು ಮತ್ತೊಮ್ಮೆ. ಬಟ್ಟೆಗಳನ್ನೆಲ್ಲ ಬಿಸಿನೀರಿಗೆ ಹಾಕಿದ್ವಿ. ಬ್ಯಾಗನ್ನು ಬಿಸಾಕಿದೆ. ಅವರ ಮನೆಯನ್ನು ಒಳಗಿಂದ ನಾನು ಮೊದಲ ಸಲ ನೋಡಿದ್ದು ಅವತ್ತೇ. ಉಜ್ಜಿ ಉಜ್ಜಿ ಹೊಳೆಯುತ್ತಿದ್ದ ಸ್ಟೀಲ್ ಡಬ್ಬಿಗಳ ಸಾಲು ನೋಡಿ ನಾಚಿಕೆಯಾಯ್ತು. ಆಮೇಲೆ, ಹಾಗೆ ನಾಚಿಕೆಪಡೋದರಲ್ಲೂ ಅದೇ ಹಳೇ ಲೆಕ್ಕ ಇದೆ ಅನ್ನಿಸಿತು. ಡಬ್ಬಿಗಳು ಹೊಳೆಯದೇ ಇದ್ದಿದ್ದರೆ ನನ್ನ ಅನುಮಾನ ಸರಿಯಾಗಿಬಿಡುತ್ತಿತ್ತಾ?

ಮಗಳ ಕೈಕಾಲಿನ ಮೇಲೆ ಈಗ ತಿಳಿಕಪ್ಪು ಕಲೆಗಳು ಮಾತ್ರ ಉಳಿದಿವೆ, ಅವೂ ಮಾಸುತ್ತವಂತೆ. ಮಧ್ಯಾಹ್ನ ಅಕ್ಕ ಮತ್ತೆ ಮಂಚದ ಮೇಲೇ ಒರಗಿ ಕತೆ ಹೇಳ್ತಾರೆ. ನನ್ನನ್ನು ಈಗಲೂ ಮೇಡಂ ಅಂತಲೇ ಕರೀತಾರೆ. ಒಂದೇ ಸಲಕ್ಕೆ ಎಲ್ಲ ಬದಲಾಗಲ್ಲ.

ಹೋದ ವಾರ ಅಡುಗೆಮನೆ ಬಾಗಿಲಲ್ಲಿ ನಿಂತು ಅಂದರು: "ಮೇಡಂ, ನೀವು ತಂದಿರೋ ಹೊಸ ಶಾಂಪೂ ಪಾಪುಗೆ ಆಗ್ತಿಲ್ಲ. ತಲೆ ತುರಿಸ್ಕೋತಾಳೆ."

ಅವರು ಹೇಳಿದರು ಅನ್ನೋದೇ ಸಾಕಾಗಿತ್ತು. ಶಾಂಪೂ ಬದಲಾಯಿಸಿದೆ.