ಗೆರೆಯ ಕೆಳಗಿನ ಮನೆ

ಈ ಬೇಸಿಗೆ ರಜೆಯಲ್ಲಿ ನನ್ನ ತಮ್ಮನ ಮಗ ಬೆಂಗಳೂರಿನಿಂದ ಬಂದು ಹದಿನೈದು ದಿನ ನಮ್ಮ ಮನೆಯಲ್ಲಿದ್ದ. ಹತ್ತನೆಯ ತರಗತಿಗೆ ಹೋಗಲಿರುವ ಹುಡುಗ. ಬರುವಾಗ ಬಟ್ಟೆಯ ಚೀಲಕ್ಕಿಂತ ಜೋಪಾನವಾಗಿ ಒಂದು ಲ್ಯಾಪ್‌ಟಾಪ್ ತಂದಿದ್ದ. ಮೊದಲೆರಡು ದಿನ ಮಾವಿನಕಾಯಿ, ತೋಟ, ಗೋಪಾಲಸ್ವಾಮಿ ಬೆಟ್ಟ ಎಂದು ಓಡಾಡಿದವನು ಮೂರನೆಯ ದಿನದಿಂದ ನಡುಮನೆಯ ಮೂಲೆ ಹಿಡಿದು ಕೂತುಬಿಟ್ಟ. "ಏನೋ ಅದು, ಹಗಲೂ ರಾತ್ರಿ?" ಎಂದು ಗದರಿಸಿದೆ. "ಊರು ಕಟ್ತಾ ಇದೀನಿ ಅತ್ತೆ" ಎಂದ.

ಸಾರಿಗೆ ಒಗ್ಗರಣೆ ಹಾಕಿ ಬಂದು ಅವನ ಪಕ್ಕದಲ್ಲಿ ಕೂತು ನೋಡಿದೆ. ನಿಜವಾಗಿಯೂ ಊರೇ. ನದಿ, ಗುಡ್ಡ, ಬಯಲು ಎಲ್ಲ ಇವೆ. ಆಡುವವನು ಮೊದಲು ರಸ್ತೆ ಎಳೆಯಬೇಕು. ರಸ್ತೆಯ ಅಕ್ಕಪಕ್ಕದ ಜಾಗಕ್ಕೆ ಬಣ್ಣ ಹಚ್ಚಿ ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ಗೊತ್ತು ಮಾಡಬೇಕು. ಆಮೇಲೆ ಜನ ತಾವಾಗಿಯೇ ಬಂದು ನೆಲೆಸುತ್ತಾರೆ. ನೀರು, ಕರೆಂಟು, ಶಾಲೆ, ಆಸ್ಪತ್ರೆ, ಸ್ಮಶಾನ ಎಲ್ಲವನ್ನೂ ಒದಗಿಸಬೇಕು. ಬೊಕ್ಕಸದ ಲೆಕ್ಕವನ್ನೂ ನೋಡಿಕೊಳ್ಳಬೇಕು. ೨೦೧೫ರಲ್ಲಿ ಫಿನ್ಲೆಂಡಿನ ಒಂದು ಸಣ್ಣ ಕಂಪನಿ ಮಾಡಿದ ಆಟವಂತೆ. 'ಸಿಟೀಸ್ ಸ್ಕೈಲೈನ್ಸ್' ಎಂದು ಹೆಸರು. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಸ್ಥಳೀಯ ಸರ್ಕಾರ ಎಂಬ ಪಾಠವನ್ನು ಇಷ್ಟು ಚೆನ್ನಾಗಿ ನಾನೂ ಹೇಳಿಕೊಟ್ಟಿರಲಾರೆ ಅನ್ನಿಸಿತು.

ಅವನ ಊರಿನಲ್ಲಿ ಒಂದೇ ತೊಂದರೆ. ನದಿಯ ಈಚೆಗೆ ಮನೆಗಳು, ಆಚೆಗೆ ಕಾರ್ಖಾನೆಗಳು, ನಡುವೆ ಒಂದೇ ಸೇತುವೆ. ಬೆಳಗಾದರೆ ವಾಹನಗಳು ಇರುವೆ ಸಾಲಿನಂತೆ ನಿಂತುಬಿಡುತ್ತವೆ. "ಅತ್ತೆ, ಎರಡನೇ ಸೇತುವೆ ಎಲ್ಲಿ ಹಾಕ್ಲಿ? ನೀವೇ ಹೇಳಿ" ಎಂದ. ಒಪ್ಪಿಕೊಳ್ಳುತ್ತೇನೆ, ನನಗೆ ಖುಷಿಯಾಯಿತು. ನಮ್ಮ ಮನೆಯಲ್ಲಿ ಅಡುಗೆಮನೆ ಕಪಾಟು ಎಲ್ಲಿರಬೇಕು ಎಂದು ಸಹ ನನ್ನನ್ನು ಯಾರೂ ಕೇಳಿದವರಿಲ್ಲ. ಈಗ ಇಡೀ ಊರಿನ ಸೇತುವೆ ನನ್ನ ಬೆರಳ ತುದಿಯಲ್ಲಿ! ಪೇಟೆಯಿಂದ ನೇರವಾಗಿ ನದಿಗೆ ಗೆರೆ ಎಳೆದು ತೋರಿಸಿದೆ. ಆದರೆ ಗೆರೆಗೆ ಅಡ್ಡವಾಗಿ ಒಂಬತ್ತು ಹತ್ತು ಮನೆಗಳಿದ್ದವು. "ಅದೇನೂ ಕಷ್ಟ ಇಲ್ಲ" ಎಂದು ಹುಡುಗ ಒಂದೊಂದನ್ನೇ ಒತ್ತುತ್ತಾ ಬಂದ. ಒಂದಿಷ್ಟು ಧೂಳು ಎದ್ದಂತಾಗಿ ಮನೆಗಳು ಮಾಯವಾದವು. ಕೊನೆಯ ಮನೆಯ ಮೇಲೆ ಅವನ ಕೈ ತಪ್ಪಿ ಬೇರೇನೋ ಒತ್ತಿತು. ಆ ಮನೆಯಲ್ಲಿ ಯಾರಿದ್ದಾರೆ ಎಂಬ ವಿವರ ತೆರೆದುಕೊಂಡಿತು. ಆ ಆಟದಲ್ಲಿ ಪ್ರತಿಯೊಬ್ಬ ನಿವಾಸಿಗೂ ಒಂದು ಹೆಸರಿದೆಯಂತೆ!

"ಕೆಡವಿದ ಮನೆಗಳವರು ಎಲ್ಲಿಗೆ ಹೋದರೋ?" ಎಂದು ಕೇಳಿದೆ.

"ಹೋಗ್ತಾರೆ ಅತ್ತೆ. ಬೇರೆಯವರು ಬರ್ತಾರೆ" ಎಂದ. ಸೇತುವೆ ಎದ್ದಿತು. ಕೆಂಪಗಿದ್ದ ರಸ್ತೆಗಳು ಹಸಿರಾದವು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಂಪ್ಯೂಟರಿನ ಮನೆಗಾಗಿ ಯಾರಾದರೂ ನಿದ್ದೆಗೆಡುತ್ತಾರೆಯೆ ಎಂದು ನೀವು ನಗಬಹುದು. ನನ್ನ ನಿದ್ದೆ ಕೆಡಿಸಿದ್ದು ಬೇರೊಂದು ಮನೆ.

ನಮ್ಮ ಬೇಗೂರು ಹೆದ್ದಾರಿಯ ಊರು. ಮೈಸೂರಿನಿಂದ ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಹೋಗುವ ರಸ್ತೆ ನಮ್ಮೂರಿನ ಮೇಲೆಯೇ ಹಾದುಹೋಗುತ್ತದೆ. ಹಿಂದೆ ೨೧೨ ಎನ್ನುತ್ತಿದ್ದ ಆ ಹೆದ್ದಾರಿಯ ಸಂಖ್ಯೆ ಈಗ ೭೬೬. ಊಟಿಗೆ ಹೋಗುವ ಪ್ರವಾಸಿಗರು, ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು, ಎಲ್ಲವೂ ನಮ್ಮ ಬಾಗಿಲ ಮುಂದೆಯೇ. ಈ ರಸ್ತೆಯನ್ನು ಬಯ್ಯುವ ಬಾಯಿ ನನಗಿಲ್ಲ. ಇದೇ ರಸ್ತೆಯ ಬಸ್ಸು ಹತ್ತಿ ಮೈಸೂರಿಗೆ ಹೋಗಿ ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ. ರಸ್ತೆ ಇಲ್ಲದಿದ್ದರೆ ಹದಿನೆಂಟಕ್ಕೇ ನನ್ನ ಮದುವೆ ಆಗಿಹೋಗುತ್ತಿತ್ತು.

ಆದರೆ ಶಾಲೆಯ ಮಕ್ಕಳು ದಿನಕ್ಕೆ ಎರಡು ಸಲ ಇದೇ ರಸ್ತೆಯನ್ನು ದಾಟಬೇಕಿತ್ತು. ಇಕ್ಕಟ್ಟಾದ ರಸ್ತೆ, ನಡೆಯಲು ಅಂಚಿನಲ್ಲಿ ಜಾಗವಿಲ್ಲ. ಒಂದು ವರ್ಷ ನಮ್ಮ ಶಾಲೆಯ ಹುಡುಗನಿಗೆ ಲಾರಿ ತಗಲಿ ಕಾಲು ಮುರಿಯಿತು. ಊರಿನವರು ಸೇರಿ ರಸ್ತೆ ಅಗಲವಾಗಬೇಕೆಂದು ಮನವಿ ಬರೆದರು. ಬರೆದವರು ಎಂದರೆ ನಾನೇ. ಅಕ್ಷರ ದುಂಡಗಿದೆ ಎಂದು ನನ್ನ ಕೈಗೇ ಕಾಗದ ಕೊಟ್ಟಿದ್ದರು. ಮೊದಲ ಸಹಿಯೂ ನನ್ನದೇ.

ರಸ್ತೆ ಅಗಲವಾಗುವ ಕಾಲವೂ ಬಂತು. ಅಳತೆಯವರು ಬಂದು ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಒಂದು ಗುರುತು ಹೂವಿನಜ್ಜಿಯ ಮನೆಯ ನಡುಗೋಡೆಯ ಮೇಲೆ ಬಿತ್ತು. ಮಕ್ಕಳೆಲ್ಲ ಆಕೆಯನ್ನು ಕರೆಯುತ್ತಿದ್ದುದು ಹಾಗೆಯೇ. ಜಗಲಿಯ ಮೇಲೆ ಕೂತು ಕನಕಾಂಬರ, ಚೆಂಡುಹೂವು ಕಟ್ಟಿ ಮಾರುತ್ತಿದ್ದ ಮುದುಕಿ. ಮನೆಯ ಕಾಗದ ಎಂದೋ ತೀರಿಕೊಂಡ ಮಾವನ ಹೆಸರಿನಲ್ಲಿತ್ತು. ಪರಿಹಾರದ ಹಣ ದಾಯಾದಿಗಳಲ್ಲಿ ಹಂಚಿಹೋಗಿ ಆಕೆಯ ಕೈಗೆ ಬಂದದ್ದು ಅಷ್ಟಕ್ಕಷ್ಟೆ. ಜಗಲಿಯೂ ಮುಂದಿನ ಕೋಣೆಯೂ ಹೋದ ಮೇಲೆ ಉಳಿದದ್ದು ಒಲೆಯ ಮೂಲೆ. ಆಕೆ ಮಗಳ ಊರಿಗೆ ಹೊರಟಳು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ನನಗೆ ಮುಖ ಎತ್ತಲಾಗಲಿಲ್ಲ. ಆಕೆಯೇ, "ಬುಡು ಕಣವ್ವ ಟೀಚರಮ್ಮ. ರಸ್ತೆ ಎಲ್ಲಾರ್ಗೂ ಬೇಕಲ್ವ. ನನ್ ಮನೆ ಮೂಲ್ಕ ಓಯ್ತು, ಅಷ್ಟೆಯ" ಎಂದಳು. ಬಯ್ದಿದ್ದರೆ ಸುಮ್ಮನಾಗುತ್ತಿದ್ದೆನೇನೊ.

ನಾನು ಮಾಡಿದ್ದು ತಪ್ಪೆ? ಅಂದಿನಿಂದ ಎಷ್ಟೋ ಸಲ ತಕ್ಕಡಿಯಲ್ಲಿ ಇಟ್ಟು ತೂಗಿದ್ದೇನೆ. ಒಂದು ಕಡೆ ನೂರಾರು ಮಕ್ಕಳು, ಇನ್ನೊಂದು ಕಡೆ ಒಂದು ಮುದುಕಿಯ ಜಗಲಿ. ಲೆಕ್ಕದ ಮೇಷ್ಟರು ಕ್ಷಣವೂ ಯೋಚಿಸದೆ ಉತ್ತರ ಹೇಳಿಬಿಡುತ್ತಾರೆ. ನಾನೂ ಆ ಉತ್ತರವನ್ನು ಅಲ್ಲಗಳೆಯಲಾರೆ. ಇಂದು ಅದೇ ಕಾಗದ ತಂದುಕೊಟ್ಟರೆ ಬಹುಶಃ ಮತ್ತೆ ಸಹಿ ಹಾಕುತ್ತೇನೆ. ಆದರೂ ಮನಸ್ಸಿನಲ್ಲಿ ಏನೋ ಚುಚ್ಚುತ್ತದೆ. ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಋಣ ತೀರುವುದಿಲ್ಲವಲ್ಲ!

ಹುಡುಗನ ಆಟ ನೋಡಿದ ಮೇಲೆ ಆ ಚುಚ್ಚುವಿಕೆ ಏನೆಂಬುದು ನನಗೆ ಸ್ವಲ್ಪ ತಿಳಿಯಿತು. ಇಂಥ ಆಟಗಳಿಗೆಲ್ಲ ಹಿರಿಯಕ್ಕ ಎನ್ನಬಹುದಾದ 'ಸಿಮ್‌ಸಿಟಿ' ಬಂದದ್ದು ೧೯೮೯ರಲ್ಲಿ. ಅದನ್ನು ರೂಪಿಸಿದ ಅಮೆರಿಕದ ವಿಲ್ ರೈಟ್ ಅದಕ್ಕೂ ಮುಂಚೆ, ೧೯೮೪ರಲ್ಲಿ, ಹೆಲಿಕಾಪ್ಟರಿನಿಂದ ಬಾಂಬು ಹಾಕುವ ಒಂದು ಆಟ ಮಾಡಿದ್ದ. ಬಾಂಬು ಬೀಳಲೆಂದು ದ್ವೀಪ, ರಸ್ತೆ, ಕಟ್ಟಡಗಳನ್ನು ಜೋಡಿಸುತ್ತಾ ಕೂತವನಿಗೆ, ಕೆಡವುವುದಕ್ಕಿಂತ ಜೋಡಿಸುವುದೇ ಹೆಚ್ಚು ಸಂತೋಷ ಕೊಟ್ಟಿತಂತೆ. ಹಾಗೆ ಊರು ಕಟ್ಟುವ ಆಟ ಹುಟ್ಟಿತು. ಹುಡುಗ ಈ ಕಥೆ ಹೇಳಿದಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ಭಯವೂ ಆಯಿತು. ಬಾಂಬು ಹಾಕುವವನೂ ಊರು ಕಟ್ಟುವವನೂ ನೆಲವನ್ನು ನೋಡುವುದು ಮೇಲಿನಿಂದಲೇ. ಮೇಲಿನಿಂದ ನೋಡಿದರೆ ಮನೆ ಕಾಣುತ್ತದೆ, ಜಗಲಿಯ ಮೇಲೆ ಕೂತವರು ಕಾಣುವುದಿಲ್ಲ.

ಆಟದಲ್ಲಿ ನಡೆದದ್ದು ನ್ಯೂಯಾರ್ಕಿನಲ್ಲಿ ನಿಜವಾಗಿಯೇ ನಡೆದಿತ್ತು. ಅಲ್ಲಿ ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ ದಶಕಗಳ ಕಾಲ ಸೇತುವೆ, ಹೆದ್ದಾರಿಗಳನ್ನು ಕಟ್ಟಿಸಿದ. ಜನ ತುಂಬಿದ ಬ್ರಾಂಕ್ಸ್ ಬಡಾವಣೆಗಳ ನಡುವೆ ಹಾಯಿಸಿದ ಒಂದೇ ಹೆದ್ದಾರಿಗಾಗಿ ಸಾವಿರಾರು ಕುಟುಂಬಗಳು ಮನೆ ಬಿಡಬೇಕಾಯಿತು. ೧೯೬೦ರ ದಶಕದಲ್ಲಿ ಮ್ಯಾನ್‌ಹಟನ್ನಿನಲ್ಲಿ ಅಂಥದೇ ಇನ್ನೊಂದು ಯೋಜನೆ ಬಂದಾಗ ಅದರ ವಿರುದ್ಧ ನೆರೆಹೊರೆಯವರನ್ನು ಕಟ್ಟಿಕೊಂಡು ಹೋರಾಡಿದವರಲ್ಲಿ ಮುಂದೆ ನಿಂತವರು ಜೇನ್ ಜೇಕಬ್ಸ್. ಮಕ್ಕಳ ತಾಯಿ, ಪತ್ರಿಕೆಗಳಿಗೆ ಬರೆಯುತ್ತಿದ್ದ ಹೆಂಗಸು. ನಗರ ಯೋಜನೆಯ ಪದವಿ ಇರಲಿಲ್ಲ. ಆ ರಸ್ತೆ ಕೊನೆಗೂ ಬರಲಿಲ್ಲ. ಅವರು ೧೯೬೧ರ ತಮ್ಮ ಪುಸ್ತಕದಲ್ಲಿ ಬೀದಿಯ ಮೇಲೆ ಇರುವ ಕಣ್ಣುಗಳ ವಿಚಾರ ಬರೆದರು. ಅಂಗಡಿಯಲ್ಲಿ ಕೂತವರು, ಕಿಟಕಿಯಲ್ಲಿ ನಿಂತವರು, ಸುಮ್ಮನೆ ಹೊರಗೆ ನೋಡುತ್ತಿರುವವರು, ಇವರಿಂದಲೇ ಬೀದಿ ಸುರಕ್ಷಿತ ಎಂಬುದು ಅವರ ವಾದ.

ಇದನ್ನು ತಿಳಿದಾಗ ನನಗೆ ಫಕ್ಕನೆ ಹೂವಿನಜ್ಜಿಯ ಕಣ್ಣುಗಳು ನೆನಪಾದವು. ಬೆಳಿಗ್ಗೆ ಮಕ್ಕಳು ರಸ್ತೆಯ ಅಂಚಿಗೆ ಬಂದರೆ ಆಕೆ ಹೂ ಕಟ್ಟುವ ಕೈ ನಿಲ್ಲಿಸದೆಯೇ, "ಏಯ್, ನಿಂತ್ಕಳ್ರೋ! ಲಾರಿ ಬತ್ತಾ ಅದೆ!" ಎಂದು ಕೂಗುತ್ತಿದ್ದಳು. ಸಣ್ಣವರನ್ನು ದೊಡ್ಡವರ ಕೈಗೆ ಹಿಡಿಸುತ್ತಿದ್ದಳು. ಯಾರೂ ನೇಮಿಸದ, ಯಾರೂ ಸಂಬಳ ಕೊಡದ ಕಾವಲು. ಮಕ್ಕಳ ಸಲುವಾಗಿ ಬರೆದ ಮನವಿ ಮಕ್ಕಳನ್ನು ಕಾಯುತ್ತಿದ್ದ ಜಗಲಿಯನ್ನೇ ತೆಗೆಸಿತು. ನಾನು ದಿನಾ ಆ ಜಗಲಿಯ ಮುಂದೆಯೇ ನಡೆದು ಶಾಲೆಗೆ ಹೋಗುತ್ತಿದ್ದವಳು. ಕಾಗದ ಬರೆಯುವ ಮುನ್ನ ಒಂದು ಗಳಿಗೆ ಅಲ್ಲಿ ಕೂತು, "ಅಜ್ಜಿ, ಹೀಗೆ ಬರೀತಾ ಇದೀವಿ, ನಿನಗೆ ಏನಾಗುತ್ತೆ?" ಎಂದು ಕೇಳಲಿಲ್ಲ. ನನ್ನ ತಪ್ಪು ಸಹಿಯಲ್ಲಿರಲಿಲ್ಲ. ಕೇಳದೆ ಹಾಕಿದ್ದರಲ್ಲಿತ್ತು.

ನಮ್ಮ ಹಿಂದಿನವರು ಊರು ಕಟ್ಟಿದ ಕಥೆಗಳಲ್ಲಿ ಈ ಬೆಲೆಯ ಮಾತು ಮುಚ್ಚಿಲ್ಲ. ಕೆಂಪೇಗೌಡರು ಬೆಂಗಳೂರು ಕಟ್ಟುವಾಗ ನಾಲ್ಕು ದಿಕ್ಕಿಗೂ ಎತ್ತು ಹೂಡಿ ನೇಗಿಲಿನಿಂದ ಗೆರೆ ಎಳೆಸಿದರು, ಆ ಗೆರೆಗಳೇ ಬೀದಿಗಳಾದವು ಎಂಬ ಐತಿಹ್ಯವಿದೆ. ಕೋಟೆಯ ಬಾಗಿಲು ನಿಲ್ಲದಾಗ ಸೊಸೆ ಲಕ್ಷ್ಮಿದೇವಿ ಪ್ರಾಣ ಕೊಟ್ಟಳು ಎಂದೂ ಹೇಳುತ್ತಾರೆ. 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯನ್ನಂತೂ ಕನ್ನಡದ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಊರಿಗೆ ಒಳ್ಳೆಯದಾಗಬೇಕಾದಾಗಲೆಲ್ಲ ಕಿರಿಸೊಸೆಯೇ ಏಕೆ ಹಾರವಾಗಬೇಕು ಎಂದು ಕ್ಲಾಸಿನಲ್ಲಿ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು. ಉತ್ತರ ನನ್ನ ಬಳಿ ಇರಲಿಲ್ಲ. ಆ ಬಲಿಯನ್ನು ನಾನು ಒಪ್ಪಲಾರೆ. ಆದರೆ ಆ ಹಾಡು ಕಟ್ಟಿದವರು ಒಂದು ಕೆಲಸ ಮಾಡಿದರು: ಬೆಲೆ ತೆತ್ತವಳ ಹೆಸರನ್ನು ಉಳಿಸಿದರು. ಕೆರೆಯ ನೀರು ಕುಡಿಯುವವರು ಭಾಗೀರಥಿಯನ್ನು ಮರೆಯಲಾಗದಂತೆ ಮಾಡಿದರು. ನಮ್ಮ ಅಗಲವಾದ ರಸ್ತೆಗಳ ಮೇಲೆ ಓಡಾಡುವವರಿಗೆ ಯಾವ ಹೆಸರು ನೆನಪಿದೆ?

ಕಾನೂನು ಏನೂ ಮಾಡಿಲ್ಲವೆಂದಲ್ಲ. ೧೮೯೪ರ ಭೂಸ್ವಾಧೀನ ಕಾಯ್ದೆಯ ಜಾಗಕ್ಕೆ ೨೦೧೩ರಲ್ಲಿ ಹೊಸ ಕಾಯ್ದೆ ಬಂತು. ಜಮೀನಿನ ಮಾಲೀಕರ ಜೊತೆಗೆ ಅದನ್ನು ನಂಬಿ ಬದುಕುವವರನ್ನೂ ಅದು ಗುರುತಿಸುತ್ತದೆ. ಪುನರ್ವಸತಿಯ ಮಾತನ್ನೂ ಆಡುತ್ತದೆ. ಒಳ್ಳೆಯದೇ. ಆದರೆ ಮನವಿ ಬರೆಯುವ ಟೀಚರಮ್ಮ ಪಕ್ಕದ ಮನೆಯ ಜಗಲಿ ಹತ್ತಬೇಕು ಎಂದು ಯಾವ ಕಾನೂನೂ ಹೇಳಲಾರದು.

ರಸ್ತೆ ಎಂದರೆ ಮೊಂಡು, ಯಾರಿಗೂ ಬಗ್ಗದು ಎನ್ನುವವರು ನಮ್ಮೂರಿನಿಂದ ಗುಂಡ್ಲುಪೇಟೆ ದಾಟಿ ಸ್ವಲ್ಪ ಮುಂದೆ ಹೋಗಿ ನೋಡಬೇಕು. ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆದು ಒಂದು ಊಟಿಯ ಕಡೆಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುತ್ತದೆ. ಎರಡೂ ಬಂಡೀಪುರದ ಕಾಡಿನೊಳಗೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ ೨೦೦೯ರಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ಸಂಚಾರ ನಿಲ್ಲಿಸಿದರು. ೨೦೧೦ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸುಗಳಿಗೆ, ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ದಾರಿ. ಇದರಿಂದ ವ್ಯಾಪಾರದವರಿಗೆ ಕಷ್ಟವಾಗಿದೆ, ವಯನಾಡಿನವರಿಗೆ ಬೇಸರವಿದೆ. ಕಾಡಿನ ಮೇಲೆ ಎತ್ತರಿಸಿದ ರಸ್ತೆ ಕಟ್ಟಬೇಕೆಂಬ ಮಾತೂ ಬಂದುಹೋಗಿದೆ. ಆ ಕಷ್ಟಗಳೂ ಸುಳ್ಳಲ್ಲ. ಆದರೂ ನನಗೆ ಅದೊಂದು ಸಮಾಧಾನ. ಮನವಿ ಬರೆಯಲಾರದ, ಸಹಿ ಹಾಕಲಾರದ ಆನೆ, ಜಿಂಕೆಗಳಿಗಾಗಿ ರಾಷ್ಟ್ರೀಯ ಹೆದ್ದಾರಿಯೇ ದಿನಕ್ಕೆ ಒಂಬತ್ತು ಗಂಟೆ ಕಾಯುತ್ತದೆ. ಹಾಗಾದರೆ ಸಹಿ ಹಾಕಲು ಬಾರದ ಒಬ್ಬ ಅಜ್ಜಿಗಾಗಿ ನಾವು ಒಂದು ವಾರವಾದರೂ ಕಾಯಬಹುದಿತ್ತು.

ಮರುದಿನ ಹುಡುಗ ಮತ್ತೆ ಕೂತಾಗ, "ಇನ್ನು ಮೇಲೆ ಮನೆ ಕೆಡವೋದಕ್ಕೆ ಮುಂಚೆ ಆ ಮನೆಯವರ ಹೆಸರು ಓದಿ ನನಗೆ ಹೇಳು" ಎಂದೆ. "ಅಯ್ಯೋ ಅತ್ತೆ, ಹಂಗಾದ್ರೆ ಊರು ಮುಗಿಯೋದೇ ಇಲ್ಲ" ಎಂದು ನಕ್ಕ. ಆದರೂ ಓದಿದ. ಸಂಜೆಯ ಹೊತ್ತಿಗೆ ಅವನ ಇನ್ನೊಂದು ರಸ್ತೆ ಆರು ಮನೆಗಳನ್ನು ಸುತ್ತಿಕೊಂಡು ಸ್ವಲ್ಪ ಬಾಗಿತ್ತು. ಎರಡು ಮನೆಗಳು ಮಾತ್ರ ಹೋದವು. "ಖರ್ಚು ಜಾಸ್ತಿ ಆಯ್ತು" ಎಂದು ಗೊಣಗಿದ.

ಅವನು ಬೆಂಗಳೂರಿಗೆ ಹೊರಟ ಮೇಲೆ ಒಂದು ಭಾನುವಾರ ನಾನು ಹೂವಿನಜ್ಜಿಯ ಮಗಳ ಊರಿಗೆ ಹೋದೆ. ಬಾಳೆಹಣ್ಣು, ಎಲೆಅಡಿಕೆ ತೆಗೆದುಕೊಂಡು ಹೋಗಿದ್ದೆ. ಕಣ್ಣು ಮಂಜಾಗಿವೆ, ಗುರುತು ಹಿಡಿಯಲು ಹೊತ್ತಾಯಿತು. ಹಿಡಿದ ಮೇಲೆ ಕೈ ಬಿಡಲಿಲ್ಲ. ಅಷ್ಟು ವರ್ಷ ತಡವಾಗಿ, "ಅಜ್ಜಿ, ಆ ಕಾಗದ ಬರೆದವಳು ನಾನು. ನಿನ್ನ ಕೇಳಬೇಕಾಗಿತ್ತು" ಎಂದೆ.

ಆಕೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. "ಮಕ್ಳು ಈಗ ಸಲೀಸಾಗಿ ದಾಟ್ತವಾ?" ಎಂದಳು.

ರಸ್ತೆ ಅಗಲವಾದ ಮೇಲೆ ವಾಹನಗಳ ವೇಗವೂ ಹೆಚ್ಚಿದೆ. ಅಂಚಿನಲ್ಲಿ ನಡೆಯಲು ಜಾಗವೇನೋ ಆಗಿದೆ, ದಾಟುವ ಅಗಲ ಮಾತ್ರ ಎರಡರಷ್ಟಾಗಿದೆ. ಹೌದೆಂದು ಸುಳ್ಳು ಹೇಳಲು ನಾಲಗೆ ಬರಲಿಲ್ಲ. "ಬೆಳಿಗ್ಗೆ, ಸಂಜೆ ನಾನೇ ನಿಂತು ದಾಟಿಸ್ತೀನಿ ಅಜ್ಜಿ" ಎಂದೆ. ಅಲ್ಲಿಯವರೆಗೆ ನಿಂತವಳಲ್ಲ. ಶಾಲೆ ತೆರೆದ ದಿನದಿಂದ ನಿಲ್ಲುತ್ತಿದ್ದೇನೆ.