ಬದುಕಿಸಲು ಯೋಗ್ಯರು ಯಾರು?

1945ರ ಸೆಪ್ಟೆಂಬರ್. ನೆದರ್‌ಲ್ಯಾಂಡ್ಸಿನ ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಗೆ 67 ವರ್ಷದ ಹೆಂಗಸೊಬ್ಬಳನ್ನು ಕರೆತಂದರು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿ, ಹೊರಹೋಗಬೇಕಾದ ಯೂರಿಯಾದಂಥ ಕಲ್ಮಶಗಳೆಲ್ಲ ಆಕೆಯ ರಕ್ತದಲ್ಲೇ ಉಳಿದಿದ್ದವು. ವೈದ್ಯರು ಇದನ್ನು ಯುರೇಮಿಯಾ ಎನ್ನುತ್ತಾರೆ. ಮೊದಲು ಊಟ ಸೇರುವುದಿಲ್ಲ, ವಾಂತಿ, ಮೈತುರಿಕೆ. ಆಮೇಲೆ ಮಂಪರು, ಗೊಂದಲ, ಕೊನೆಗೆ ಕೋಮಾ. ತನ್ನ ಪರವಾಗಿ ತಾನು ಮಾತನಾಡಬೇಕಾದ ಹೊತ್ತಿಗೇ ಮನುಷ್ಯನ ಬುದ್ಧಿಯನ್ನು ಮಬ್ಬಾಗಿಸುವ ಸ್ಥಿತಿ ಇದು.

ಆಕೆಯ ಪರ ಮಾತನಾಡುವವರೂ ಹೆಚ್ಚಿರಲಾರರು. ನಾಝಿಗಳ ಜತೆ ಕೈಜೋಡಿಸಿದವಳೆಂದು ಯುದ್ಧ ಮುಗಿದ ಮೇಲೆ ಸೆರೆಯಲ್ಲಿಟ್ಟಿದ್ದರು. ವೈದ್ಯ ವಿಲ್ಲೆಮ್ ಕೋಲ್ಫ್ ಅದೇ ನಾಝಿ ಆಳ್ವಿಕೆಯ ದಿನಗಳಲ್ಲಿ, ಮರದ ಪಟ್ಟಿಗಳ ಉರುಳೆಗೆ ಸೆಲೋಫೇನ್ ಕೊಳವೆ ಸುತ್ತಿ ಕೃತಕ ಮೂತ್ರಪಿಂಡ ಕಟ್ಟಿದವರು. 1943ರಿಂದ ಆ ಯಂತ್ರಕ್ಕೆ ಒಳಪಡಿಸಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡಿದ್ದರು. ಈಕೆ ಬದುಕಿದಳು. ಎಚ್ಚರವಾದೊಡನೆ, ಗಂಡನಿಗೆ ವಿಚ್ಛೇದನ ಕೊಡುತ್ತೇನೆ ಎಂದಳಂತೆ.

ಅಷ್ಟು ಜನ ಸತ್ತು, ಉಳಿದದ್ದು ಇವಳೇ? ಈ ಪ್ರಶ್ನೆ ನಮ್ಮೊಳಗೆ ಏಳುತ್ತದೆ. ಏಳುವುದು ಸಹಜ. ಆದರೆ ಅದಕ್ಕೆ ಅಧಿಕಾರ ಕೊಟ್ಟರೆ ಏನಾಗುತ್ತದೆಂಬುದನ್ನು ಅಮೆರಿಕದ ಸಿಯಾಟಲ್ ನಗರ ತೋರಿಸಿತು.

1960ರಲ್ಲಿ ಅಲ್ಲಿನ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆಯನ್ನು ರೂಪಿಸಿದರು. ಮೂತ್ರಪಿಂಡ ಪೂರ್ತಿ ಸೋತವರಿಗೂ ಮತ್ತೆ ಮತ್ತೆ ಡಯಾಲಿಸಿಸ್ ಮಾಡಿ ವರ್ಷಗಟ್ಟಲೆ ಬದುಕಿಸುವುದು ಸಾಧ್ಯವಾಯಿತು. ಯಂತ್ರಗಳು ಮಾತ್ರ ಬೆರಳೆಣಿಕೆ. ಹಾಗಾಗಿ ಆಯ್ಕೆಗೆ ಏಳು ಜನರ ಸಮಿತಿಯಾಯಿತು: ವಕೀಲ, ಪಾದ್ರಿ, ಬ್ಯಾಂಕರ್, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ನಾಯಕ, ಶಸ್ತ್ರವೈದ್ಯ. ರೋಗಿಗೆ ಮಕ್ಕಳೆಷ್ಟು, ಉದ್ಯೋಗವೇನು, ಓದೆಷ್ಟು, ಆಸ್ತಿಯೆಷ್ಟು, ಚರ್ಚಿಗೆ ಹೋಗುತ್ತಾನೆಯೇ ಎಂಬುದೆಲ್ಲ ಅಲ್ಲಿ ಚರ್ಚೆಗೆ ಬಂತು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬರೆದಾಗ ಓದಿದವರು ಬೆಚ್ಚಿದರು. ಸಮಿತಿಯವರು ಕ್ರೂರಿಗಳಾಗಿರಲಿಲ್ಲ. ಯೋಗ್ಯತೆ ಅಳೆಯಲು ಅವರ ಕೈಯಲ್ಲಿದ್ದದ್ದು ತಮ್ಮದೇ ಬದುಕಿನ ಅಳತೆಗೋಲು. ತಮ್ಮಂತಿರುವವರೇ ಅದರಲ್ಲಿ ಎತ್ತರ ಕಂಡರು.

ಹಾಗಾದರೆ ಆರಿಸುವುದೇ ಬೇಡವೇ? ಯಂತ್ರ ಒಂದು, ರೋಗಿಗಳು ಹತ್ತು ಇದ್ದಾಗ ಯಾರೂ ಆರಿಸದಿದ್ದರೆ ದುಡ್ಡು ಆರಿಸುತ್ತದೆ. ಚಿಕಿತ್ಸೆಯಿಂದ ಯಾರ ದೇಹಕ್ಕೆ ಉಪಯೋಗವಾದೀತು ಎಂದು ವೈದ್ಯರು ನೋಡಲೇಬೇಕು. ಅಲ್ಲಿಗೂ ಸಮಾನರು ಉಳಿದರೆ ಸರದಿಯೋ ಚೀಟಿ ಎತ್ತುವುದೋ ವಾಸಿ. ಚೀಟಿ ಕುರುಡು, ನಿಜ. ಆದರೆ ನೀನು ಕಡಿಮೆ ಮನುಷ್ಯ ಎಂದು ಅದು ಯಾರಿಗೂ ಹೇಳುವುದಿಲ್ಲ.

ಅಮೆರಿಕ 1972ರ ಕಾನೂನಿನ ಮೂಲಕ ಬಹುತೇಕ ಎಲ್ಲರ ಡಯಾಲಿಸಿಸ್ ವೆಚ್ಚವನ್ನು ಸರ್ಕಾರದ ಹೆಗಲಿಗೆ ಹಾಕಿತು. ನಮ್ಮಲ್ಲಿ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಗಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಸೇವೆ ಬಂದಿದೆ. ಇಷ್ಟಾದರೂ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು ಎಂಬ ಲೆಕ್ಕ ದೂರದ ಹಳ್ಳಿಯ ಕೂಲಿಕಾರನಿಗೆ ಎಟುಕುವುದು ಕಷ್ಟ. ಬಸ್ಸಿನ ಖರ್ಚು, ತಪ್ಪಿದ ಕೂಲಿ, ಜತೆಗೆ ಬರುವ ಮಗನದೂ ಒಂದು ಕೂಲಿ. ಮೂರು ಸಲದ ಬದಲು ಎರಡಾಗುತ್ತದೆ, ಮುಂದೆ ಒಂದಾಗುತ್ತದೆ. ಅವನನ್ನು ಬಿಟ್ಟುಬಿಡಿ ಎಂದು ಯಾರೂ ಸಹಿ ಹಾಕಿರುವುದಿಲ್ಲ.

ಸಿಯಾಟಲ್ಲಿನಲ್ಲಿ ಏಳು ಜನ ಕೂತು ಕೊನೇಪಕ್ಷ ಸಂಕಟಪಟ್ಟರು. ನಮ್ಮ ಸಮಿತಿಯಲ್ಲಿ ನಾವೆಲ್ಲರೂ ಇದ್ದೇವೆ. ಸಭೆ ನಡೆಯುತ್ತಿದೆಯೆಂಬುದೇ ನಮಗೆ ಗೊತ್ತಿಲ್ಲ.